ತೆಂಗಿನ ಬೊಡ್ಡೆ ಪುಡಿಮಾಡುವ ಯಂತ್ರದ ಶಾಫ್ಟ್ ಎರಡನೆಯ ಬಾರಿ ತುಂಡಾಗಿದೆ: ಮತ್ತೆ ಬೆಸುಗೆ ಹಾಕಿಸಲೇ, ಹೊಸದಾಗಿ ಕಟ್ಟಲೇ?

ಪ್ರಶ್ನೆ (ತೆಂಗು ಬೆಳೆಗಾರ, ತಿಪಟೂರು ಸೀಮೆ)

ನಮ್ಮದು ಅಜ್ಜನ ಕಾಲದ ತೆಂಗಿನ ತೋಟ. ಫಲ ನಿಂತ ಮರಗಳನ್ನು ಕಳೆದ ಎರಡು ವರ್ಷಗಳಿಂದ ಸಾಲುಸಾಲಾಗಿ ಕಡಿಸುತ್ತಿದ್ದೇವೆ. ಬೊಡ್ಡೆಗಳನ್ನು ನೆಲದಲ್ಲಿಯೇ ಕೊಳೆಯಲು ಬಿಟ್ಟರೆ ಕುರುವಾಯಿ ದುಂಬಿ ಅದರಲ್ಲಿ ಮೊಟ್ಟೆಯಿಟ್ಟು, ಮುಂದೆ ಎಳೆಯ ಸಸಿಗಳ ಸುಳಿಯನ್ನೇ ಕೊರೆಯುತ್ತದೆ. ಜೆಸಿಬಿ ತರಿಸಿ ಕೀಳಿಸಿದರೆ ಆಳೆತ್ತರದ ಗುಂಡಿ ಬೀಳುವುದಲ್ಲದೆ, ಪಕ್ಕದ ಒಳ್ಳೆಯ ಮರಗಳ ಬೇರೂ ಹನಿ ನೀರಾವರಿಯ ಕೊಳವೆಗಳೂ ಹರಿದುಹೋಗುತ್ತವೆ. ಆದ್ದರಿಂದ ಕಳೆದ ಬೇಸಿಗೆಯಲ್ಲಿ ನನ್ನ 50 ಎಚ್‌ಪಿ ಟ್ರ್ಯಾಕ್ಟರಿನ ಹಿಂದೆ ಜೋಡಿಸಬಹುದಾದ ಸ್ಟಂಪ್ ಗ್ರೈಂಡರ್ (ಬೊಡ್ಡೆ ಪುಡಿಮಾಡುವ ಯಂತ್ರ) ಒಂದನ್ನು ನಾನೇ ಕಟ್ಟಿದೆ.

ಅದರ ರಚನೆ ಹೀಗಿದೆ. ಗುಜರಿಯಲ್ಲಿ ಸಿಕ್ಕ, ಹುಲ್ಲು ಕತ್ತರಿಸುವ ಸ್ಲ್ಯಾಷರಿನ ಗೇರ್‌ಬಾಕ್ಸನ್ನು ಅಡ್ಡ ಮಲಗಿಸಿ ಕೂರಿಸಿದ್ದೇನೆ. ಕೈಯಿಂದ ತಿರುಗಿಸಿ ಎಣಿಸಿದಾಗ ಒಳಗೆ ಒಂದು ಸುತ್ತಿಗೆ ಹೊರಗೆ ಒಂದೂವರೆ ಸುತ್ತು ಬರುತ್ತದೆ. ಅಂದರೆ ಪಿಟಿಒ (ಯಂತ್ರಗಳಿಗೆ ಶಕ್ತಿ ಕೊಡಲು ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ಶಾಫ್ಟ್) ನಿಮಿಷಕ್ಕೆ 540 ಸುತ್ತು ತಿರುಗಿದಾಗ ಚಕ್ರ 810 ಸುತ್ತು ತಿರುಗುತ್ತದೆ. ಚಕ್ರವು 20 ಮಿಮೀ ದಪ್ಪದ, 600 ಮಿಮೀ ವ್ಯಾಸದ ಮೈಲ್ಡ್ ಸ್ಟೀಲ್ ತಟ್ಟೆ. ಲಾರಿಯ ಪಟ್ಟಾ ಸ್ಪ್ರಿಂಗ್ ತುಂಡುಗಳನ್ನು ಅದರ ಅಂಚಿಗೆ ಹಲ್ಲುಗಳಾಗಿ ಬೆಸೆದಿದ್ದೇನೆ. ಶಾಫ್ಟ್ 45 ಮಿಮೀ ವ್ಯಾಸದ, ಇಎನ್ 8 ದರ್ಜೆಯ ಉಕ್ಕಿನದು. ಚಕ್ರದ ಹಬ್ ಕೂರಲೆಂದು ಅದರ ತುದಿಯನ್ನು 40 ಮಿಮೀಗೆ ಇಳಿಸಲಾಗಿದೆ. ಎರಡು ಬೇರಿಂಗುಗಳೂ ಗೇರ್‌ಬಾಕ್ಸಿನ ಕಡೆಗಿದ್ದು, ಚಕ್ರವು ಹೊರಗೆ ಒಂಟಿಯಾಗಿ ತೂಗಿಕೊಂಡಿದೆ. ಚಕ್ರವನ್ನು ತ್ರೀ ಪಾಯಿಂಟ್ ಲಿಂಕಿನಿಂದ (ಟ್ರ್ಯಾಕ್ಟರಿನ ಹಿಂದೆ ಯಂತ್ರವನ್ನು ಎತ್ತಿ ಇಳಿಸುವ ತೋಳುಗಳಿಂದ) ಬೊಡ್ಡೆಯ ಮೇಲೆ ಇಳಿಸಿ, ಟ್ರ್ಯಾಕ್ಟರನ್ನು ಅಂಗುಲ ಅಂಗುಲವಾಗಿ ಹಿಂದೆ ಮುಂದೆ ನಡೆಸುತ್ತೇನೆ.

ಸುಮಾರು 60 ಬೊಡ್ಡೆಗಳಾದ ಮೇಲೆ ಶಾಫ್ಟ್ 45 ಮಿಮೀಯಿಂದ 40 ಮಿಮೀಗೆ ಇಳಿಯುವ ಮೆಟ್ಟಿಲಿನಲ್ಲಿಯೇ ಕಬ್ಬಿನಂತೆ ಮುರಿಯಿತು. ಲೇತ್ ಅಂಗಡಿಯವರು ಬೆಸುಗೆ ಹಾಕಿ, ಕಡೆದು, ನೇರ ಮಾಡಿ ಕೊಟ್ಟರು. ಐದನೆಯ ಬೊಡ್ಡೆಗೆ ಅದೇ ಜಾಗದಲ್ಲಿ ಮತ್ತೆ ಮುರಿದು, ಚಕ್ರ ಕಳಚಿ ಹತ್ತು ಅಡಿ ದೂರ ಉರುಳಿಹೋಯಿತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ ಎಂಬುದಷ್ಟೇ ಸಮಾಧಾನ. ಮೊದಮೊದಲು ಪಿಟಿಒ ಶಾಫ್ಟಿನ ಷೇರ್ ಬೋಲ್ಟ್ (ಹೊರೆ ಮೀರಿದರೆ ತಾನೇ ತುಂಡಾಗಿ ಉಳಿದ ಭಾಗಗಳನ್ನು ಕಾಯುವ ಬೋಲ್ಟ್) ದಿನಕ್ಕೆ ನಾಲ್ಕೈದು ಬಾರಿ ತುಂಡಾಗುತ್ತಿದ್ದುದರಿಂದ, ಅದರ ಬದಲು ಗಟ್ಟಿಯಾದ ಅಲೆನ್ ಬೋಲ್ಟ್ ಹಾಕಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ.

ಇಎನ್ 24 ಉಕ್ಕಿನಲ್ಲಿ ಶಾಫ್ಟ್ ಮಾಡಿಸಿದರೆ ನಿಲ್ಲುತ್ತದೆಯೇ? ಇಲ್ಲವಾದರೆ ದೋಷ ಬೇರೆಡೆ ಇದೆಯೇ? ಹಲ್ಲುಗಳು ಎರಡು ಬೊಡ್ಡೆಗೇ ಮೊಂಡಾಗುವುದಕ್ಕೂ ಪರಿಹಾರವಿದ್ದರೆ ತಿಳಿಸಿ.

ಉತ್ತರ 1 (ಯಂತ್ರ ದುರಸ್ತಿಗಾರ, ಹಾಸನ)

ಉಕ್ಕನ್ನು ಬದಲಿಸುವ ಮೊದಲು ಮುರಿದ ಮುಖವನ್ನು ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿನಲ್ಲಿ ನೋಡಿ. ಅಂಚಿನಿಂದ ಒಳಕ್ಕೆ ಚಿಪ್ಪಿನ ಮೇಲಿನ ಗೆರೆಗಳಂತಹ ಬಾಗಿದ ಗೆರೆಗಳಿರುವ ನುಣುಪಾದ ಭಾಗವೊಂದು, ಉಳಿದೆಡೆ ಸಕ್ಕರೆಯಂತೆ ತರಿತರಿಯಾದ ಭಾಗವೊಂದು ಕಂಡರೆ, ಶಾಫ್ಟ್ ಒಂದೇ ಏಟಿಗೆ ಮುರಿದದ್ದಲ್ಲ ಎಂದು ತಿಳಿಯಿರಿ. ಅದು ದಣಿವಿನಿಂದ ಮುರಿದದ್ದು. ಬಿರುಕು ವಾರಗಳ ಹಿಂದೆಯೇ ಹುಟ್ಟಿ ಸುತ್ತಿಗೊಂದಿಷ್ಟು ಬೆಳೆಯುತ್ತ ಬಂದಿದೆ. ನುಣುಪು ಭಾಗ ಅರ್ಧಕ್ಕಿಂತ ದೊಡ್ಡದಾಗಿದ್ದರೆ ಹೊರೆ ವಿಪರೀತವಾಗಿರಲಿಲ್ಲ, ಆಕಾರದಲ್ಲಿಯೇ ತಪ್ಪಿತ್ತು ಎಂದರ್ಥ.

ಆ ತಪ್ಪು ನಿಮ್ಮ ವಿವರಣೆಯಲ್ಲಿಯೇ ಇದೆ. ತೂಗುವ ಚಕ್ರದಿಂದ ಬಾಗುವ ಒತ್ತಡ ಹೆಚ್ಚಾಗಿರುವ ಕಡೆಯಲ್ಲಿಯೇ ಶಾಫ್ಟನ್ನು ಸಣ್ಣದು ಮಾಡಿ, ಅಲ್ಲಿ ಚೂಪಾದ ಒಳಮೂಲೆಯನ್ನೂ ಬಿಟ್ಟಿದ್ದೀರಿ. ಚೂಪು ಮೂಲೆಯಲ್ಲಿ ಒತ್ತಡ ಎರಡು ಮೂರು ಪಟ್ಟು ಒಟ್ಟುಗೂಡುತ್ತದೆ. ಶಾಫ್ಟ್ ತಿರುಗುತ್ತಿರುವುದರಿಂದ ಅದರ ಮೇಲಿನ ಪ್ರತಿಯೊಂದು ಬಿಂದುವೂ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಕ್ಕುತ್ತದೆ. 810 ಸುತ್ತಿನ ಲೆಕ್ಕದಲ್ಲಿ ಒಂದು ಗಂಟೆಯ ಕೆಲಸವೆಂದರೆ 48,600 ಬಾರಿ ಬಾಗಿಸಿ ನೆಟ್ಟಗೆ ಮಾಡಿದಂತೆ. ತಂತಿಯನ್ನು ಕೈಯಿಂದ ಹಿಂದೆ ಮುಂದೆ ಬಾಗಿಸಿ ಮುರಿಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಲೇತಿನವರ ಬೆಸುಗೆ ಐದೇ ಬೊಡ್ಡೆಗೆ ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಇಎನ್ 8 ಉಕ್ಕಿನಲ್ಲಿ ಸುಮಾರು 0.4% ಇಂಗಾಲವಿರುತ್ತದೆ. ಅಷ್ಟು ದಪ್ಪದ ಸರಳನ್ನು ಮೊದಲೇ 150ರಿಂದ 200 ಡಿಗ್ರಿಯವರೆಗೆ ಕಾಯಿಸದೆ, ಒಣಗಿಸಿದ 7018 ಬೆಸುಗೆ ಕಡ್ಡಿಯನ್ನೂ ಬಳಸದೆ ಬೆಸೆದರೆ, ಬೆಸುಗೆಯ ಪಕ್ಕದ ಪಟ್ಟಿ ಗಾಜಿನಂತೆ ಪೆಡಸಾಗುತ್ತದೆ. ಎಲ್ಲವನ್ನೂ ಕ್ರಮವಾಗಿ ಮಾಡಿದರೂ, ಹೆಚ್ಚು ಒತ್ತಡ ಬೀಳುವ ಜಾಗದಲ್ಲಿಯೇ ಬೆಸುಗೆ ಇರುವ ಶಾಫ್ಟನ್ನು ನಾನಾದರೆ ತಿರುಗಿಸುವುದಿಲ್ಲ.

ಇಎನ್ 24 ಬಗ್ಗೆ ಒಂದು ಮಾತು. ಅದು ಖಂಡಿತವಾಗಿ ಹೆಚ್ಚು ಬಲವುಳ್ಳದ್ದು, ಆದರೆ ಹೆಚ್ಚು ಬಿಗುವುಳ್ಳದ್ದಲ್ಲ. ಒಂದೇ ಹೊರೆಗೆ ಇಎನ್ 8 ಎಷ್ಟು ಬಾಗುತ್ತದೆಯೋ ಅದೂ ಅಷ್ಟೇ ಬಾಗುತ್ತದೆ. ಅಲ್ಲದೆ ಬಲವಾದ ಉಕ್ಕು ಗೀರು ಮತ್ತು ಮೂಲೆಗಳನ್ನು ಇನ್ನೂ ಕಡಿಮೆ ಸಹಿಸುತ್ತದೆ. ಹಣವನ್ನು ಉಕ್ಕಿನ ಜಾತಿಗಿಂತ ವ್ಯಾಸಕ್ಕೆ ಖರ್ಚು ಮಾಡಿ. ಬಾಗುವ ಒತ್ತಡವು ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುವುದರಿಂದ, 40ರ ಬದಲು 50 ಮಿಮೀ ಹಾಕಿದರೆ ಅದು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ನಾನು ಕಟ್ಟುವುದಾದರೆ ಹೀಗೆ ಕಟ್ಟುತ್ತೇನೆ. ಎಲ್ಲಿಯೂ ಮೆಟ್ಟಿಲಿಲ್ಲದ 50 ಮಿಮೀ ಇಎನ್ 19 ಉಕ್ಕಿನ ಸರಳು, ಚಕ್ರದ ಎರಡೂ ಬದಿಗೆ ಒಂದೊಂದು ಬೇರಿಂಗ್. ಎಸ್‌ಎನ್ 511 ಹೌಸಿಂಗಿನಲ್ಲಿ 22211 ಕೆ ಬೇರಿಂಗನ್ನು ಎಚ್ 311 ಅಡಾಪ್ಟರ್ ಸ್ಲೀವಿನ ಮೇಲೆ ಕೂರಿಸಿದರೆ, ಸ್ಲೀವ್ ತಾನೇ ಶಾಫ್ಟನ್ನು ಅಪ್ಪಿ ಹಿಡಿಯುವುದರಿಂದ ಬೇರಿಂಗಿಗೆಂದು ಮೆಟ್ಟಿಲು ಕಡೆಯುವ ಪ್ರಮೇಯವೇ ಇರುವುದಿಲ್ಲ. ಚಕ್ರದ ಹಬ್ಬಿಗೂ ಟೇಪರ್ ಲಾಕ್ ಬುಷ್ (ಬಿಗಿದಾಗ ಶಾಫ್ಟನ್ನು ಅಪ್ಪಿ ಹಿಡಿಯುವ ಬುಷ್) ಹಾಕಿ. ಯುಸಿಪಿ 210 ಬೇರಿಂಗ್ ಅಗ್ಗವೆಂಬುದು ನಿಜ, ನೀವು ಈಗ ಬಳಸಿರುವುದೂ ಅದೇ ಜಾತಿಯದಿರಬಹುದು. ಆದರೆ ಅದರ ಪುಟ್ಟ ಗ್ರಬ್ ಸ್ಕ್ರೂಗಳು ಇಂತಹ ಕುಲುಕಾಟಕ್ಕೆ ಸಡಿಲಗೊಂಡು ಶಾಫ್ಟನ್ನೇ ತಿನ್ನುತ್ತವೆ. ಹೊರಗಿನ ಬೇರಿಂಗ್ ಬಂದರೆ ಚಕ್ರ ಇಳಿಯುವ ಆಳ ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೂ ನೆಲದಿಂದ 7ರಿಂದ 8 ಅಂಗುಲ ಕೆಳಗೆ ಹೋದರೆ ಸಸಿ ನೆಡುವುದಕ್ಕೆ ಸಾಲದೇ?

ಅಲೆನ್ ಬೋಲ್ಟನ್ನು ಇಂದೇ ತೆಗೆಯಿರಿ. ಅಲೆನ್ ಬೋಲ್ಟುಗಳು ಸಾಮಾನ್ಯವಾಗಿ 12.9 ದರ್ಜೆಯವು, ಷೇರ್ ಬೋಲ್ಟ್ ಅದಕ್ಕಿಂತ ಕಡಿಮೆ ಬಲದ 8.8 ದರ್ಜೆಯ ಎಂ8 (8 ಮಿಮೀ) ಇರಬೇಕು. ನಿಮ್ಮ ಚಕ್ರದ ತೂಕ ಸುಮಾರು 44 ಕೆಜಿ. ಅದು 810 ಸುತ್ತಿನಲ್ಲಿ ಹೊತ್ತುಕೊಂಡಿರುವ ಶಕ್ತಿ, ಒಂದು ಕ್ವಿಂಟಲ್ ಮೂಟೆಯನ್ನು 7 ಮೀಟರ್ ಎತ್ತರದಿಂದ ಬೀಳಿಸಿದಾಗಿನ ಶಕ್ತಿಗೆ ಸಮ. ಚಕ್ರ ಹಠಾತ್ತನೆ ಸಿಕ್ಕಿಹಾಕಿಕೊಂಡಾಗ ಪಿಟಿಒ ಕಡೆಯ ಶಕ್ತಿಯನ್ನಾದರೂ ಕಡಿದುಹಾಕುವುದು ಷೇರ್ ಬೋಲ್ಟ್ ಒಂದೇ. ಅದು ಮುರಿಯದಿದ್ದರೆ ಅದರ ಮುಂದಿನ ದುರ್ಬಲ ಕೊಂಡಿ ಮುರಿಯುತ್ತದೆ. ನಿಮ್ಮಲ್ಲಿ ಶಾಫ್ಟ್ ಮುರಿಯಿತು. ಟ್ರ್ಯಾಕ್ಟರಿನ ಪಿಟಿಒ ಗೇರ್ ಹೋಗಲಿಲ್ಲವಲ್ಲ ಎಂದುಕೊಳ್ಳಿ.

ಉತ್ತರ 2 (ಕಾಫಿ ಬೆಳೆಗಾರ, ಮೂಡಿಗೆರೆ)

ನಾವು ಸಿಲ್ವರ್ ಓಕ್ ಬೊಡ್ಡೆಗಳಿಗೆ ಇಂತಹ ಯಂತ್ರವನ್ನು ಕಟ್ಟಿಕೊಂಡು ಮೂರು ವರ್ಷವಾಯಿತು. ಹಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ.

ಪಟ್ಟಾ ಸ್ಪ್ರಿಂಗಿನ ಗಟ್ಟಿತನ ಬಂದಿರುವುದು ಅದಕ್ಕೆ ಕೊಟ್ಟ ಹದದಿಂದ. ಚಕ್ರಕ್ಕೆ ಬೆಸೆಯುವಾಗ ಆ ಹದವೇ ಹೋಗಿ, ಹಲ್ಲು ಒಂದೆಡೆ ಮೆತ್ತಗೂ ಒಂದೆಡೆ ಪೆಡಸೂ ಆಗುತ್ತದೆ. ಆದ್ದರಿಂದ ಬೆಸೆಯಬೇಕಾದದ್ದು ಹಲ್ಲನ್ನಲ್ಲ, ಹಲ್ಲು ಕೂರುವ ಗೂಡನ್ನು; ಹಲ್ಲನ್ನು ಬೋಲ್ಟಿನಿಂದ ಬಿಗಿಯಬೇಕು. ನಾವು ಕಾರ್ಬೈಡ್ ತುದಿಯನ್ನು ಬೆಳ್ಳಿ ಬೆಸುಗೆಯಿಂದ ಕೂರಿಸಿದ ಹಲ್ಲುಗಳನ್ನು ಬಳಸುತ್ತೇವೆ. ರಸ್ತೆಯ ಡಾಂಬರು ಕೆರೆಯುವ ಯಂತ್ರದ ಮೊನೆಗಳನ್ನೂ ಹಾಕಿ ನೋಡಿದೆವು. ಅವು ಕಲ್ಲಿಗೆ ಜಗ್ಗುವುದಿಲ್ಲ, ಆದರೆ ಮರವನ್ನು ಕತ್ತರಿಸುವ ಬದಲು ಜಜ್ಜುತ್ತವೆ, ಡೀಸೆಲ್ ಸುಮ್ಮನೆ ಉರಿಯುತ್ತದೆ. ತೆಂಗಿನಂತಹ ನಾರಿನ ಮರಕ್ಕೆ ಚೂಪಾದ ಅಂಚೇ ಬೇಕು ಎಂಬುದು ನನ್ನ ಅಭಿಪ್ರಾಯ.

ಹಲ್ಲುಗಳು ಚಕ್ರದ ಎರಡೂ ಮುಖಗಳಿಂದ ಕನಿಷ್ಠ 10ರಿಂದ 12 ಮಿಮೀ ಹೊರಚಾಚಿ, ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ನಡುವಿಗೆ ಎಂಬಂತೆ ಸರದಿಯಲ್ಲಿ ಇರಬೇಕು. ಹಾಗಿಲ್ಲದಿದ್ದರೆ ಗರಗಸಕ್ಕೆ ಸೆಟ್ (ಹಲ್ಲುಗಳ ಎಡಬಲ ಬಾಗು) ಇಲ್ಲದಂತಾಗಿ, ಚಕ್ರದ ಮೈ ಮರಕ್ಕೆ ಉಜ್ಜಿ ಹೊಗೆ ಬರುತ್ತದೆ. ನಿಮ್ಮ ಚಕ್ರದ ಪಕ್ಕಗಳು ನೀಲಿಗಟ್ಟಿವೆಯೇ ಎಂದು ನೋಡಿ. ಕಾರ್ಬೈಡಿಗೆ ಕಲ್ಲೇ ಯಮ. ಬೊಡ್ಡೆಯ ಸುತ್ತ ಒಂದಡಿ ಮಣ್ಣನ್ನು ಗುದ್ದಲಿಯಿಂದ ಸರಿಸಿ, ಕಲ್ಲು ಆರಿಸಿದ ಮೇಲೆಯೇ ಚಕ್ರ ಇಳಿಸಿ.

ಶಾಫ್ಟಿನ ಗೋಜೇ ಬೇಡವೆನಿಸಿದರೆ ಹಳೆಯ ಜೀಪಿನ ಹಿಂಬದಿ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಾಕಬಹುದು. ನಮ್ಮ ಕಡೆ ಒಬ್ಬರು ಅದನ್ನೇ ಹಾಕಿದ್ದಾರೆ.

ಉತ್ತರ 3 (ಕೃಷಿ ಯಂತ್ರಗಳ ವಿನ್ಯಾಸದಲ್ಲಿ ಕೆಲಸ ಮಾಡಿದವನು, ಧಾರವಾಡ)

ಡಿಫರೆನ್ಷಿಯಲ್ ಸಲಹೆಯನ್ನು ವಿನಯಪೂರ್ವಕವಾಗಿ ವಿರೋಧಿಸುತ್ತೇನೆ. ಹಳೆಯ ಜೀಪಿನ ಅನುಪಾತವನ್ನು ಸುಮಾರು 5:1 ಎಂದಿಟ್ಟುಕೊಳ್ಳೋಣ. ಪಿನಿಯನ್ (ಶಕ್ತಿ ಒಳಬರುವ ಚಿಕ್ಕ ಗೇರ್) ಕಡೆಯಿಂದ 540 ಸುತ್ತು ಕೊಟ್ಟರೆ ಹೊರಗೆ 108 ಸುತ್ತು ಬರುತ್ತದೆ. ಒಂದು ಬದಿಯನ್ನು ಕಟ್ಟಿಹಾಕಿದರೆ ಇನ್ನೊಂದು ಬದಿ ಎರಡು ಪಟ್ಟು, ಅಂದರೆ 216 ಸುತ್ತು ತಿರುಗುತ್ತದೆ. 600 ಮಿಮೀ ಚಕ್ರದ ಹಲ್ಲಿಗೆ ಆಗ ಸಿಗುವುದು ಸೆಕೆಂಡಿಗೆ 7 ಮೀಟರ್ ಕೂಡ ಇಲ್ಲದ ವೇಗ. ಅದು ಕತ್ತರಿಸುವುದಿಲ್ಲ, ಬೊಡ್ಡೆಯನ್ನು ಕಚ್ಚಿ ಟ್ರ್ಯಾಕ್ಟರನ್ನೇ ಎಳೆಯುತ್ತದೆ. ಇದನ್ನು ತಪ್ಪಿಸಲು ಡಿಫರೆನ್ಷಿಯಲನ್ನು ಹಿಂದುಮುಂದಾಗಿ ತಿರುಗಿಸಿದರೆ ಚಕ್ರ 2,700 ಸುತ್ತು ತಿರುಗಿ, ಹಲ್ಲಿನ ವೇಗ ಗಂಟೆಗೆ 300 ಕಿಮೀ ದಾಟುತ್ತದೆ. ಆ ವೇಗದಲ್ಲಿ ಕಳಚಿದ ಹಲ್ಲಿಗೂ ಗುಂಡಿಗೂ ಭೇದವಿಲ್ಲ. ಪ್ರಶ್ನೆ ಕೇಳಿದವರ ಗೇರ್‌ಬಾಕ್ಸ್ ಈಗ ಕೊಡುತ್ತಿರುವ ಸೆಕೆಂಡಿಗೆ ಸುಮಾರು 25 ಮೀಟರ್ ವೇಗ ಸರಿಯಾಗಿಯೇ ಇದೆ, ಅದನ್ನು ಬದಲಿಸಬೇಕಾಗಿಲ್ಲ.

ಹಾಸನದವರು ಶಾಫ್ಟಿನ ಬಗ್ಗೆ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ, ಆದರೆ ಷೇರ್ ಬೋಲ್ಟ್ ದಿನಕ್ಕೆ ನಾಲ್ಕೈದು ಬಾರಿ ಏಕೆ ಮುರಿಯುತ್ತಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. 50 ಎಚ್‌ಪಿ ಟ್ರ್ಯಾಕ್ಟರ್ ಪಿಟಿಒದಲ್ಲಿ ಸುಮಾರು 42 ಎಚ್‌ಪಿ ಕೊಡುತ್ತದೆ ಎಂದುಕೊಂಡರೆ, 810 ಸುತ್ತಿನಲ್ಲಿ ಹಲ್ಲಿನ ತುದಿಗೆ ಸಿಗುವ ಬಲ ಹೆಚ್ಚೆಂದರೆ 125 ಕೆಜಿ. ಈ ಬಲಕ್ಕೆ ಷೇರ್ ಬೋಲ್ಟೂ ಮುರಿಯಬಾರದು, ಶಾಫ್ಟೂ ಮುರಿಯಬಾರದು. ಮುರಿಯುತ್ತಿರುವುದು ಏಟಿನಿಂದ. ತೆಂಗು ಹುಣಸೆಯಂತೆ ನಡುವೆ ಚೇಗು ಇರುವ ಮರವಲ್ಲ. ಅದರ ಗಟ್ಟಿ ಇರುವುದು ಹೊರ ಸುತ್ತಿನಲ್ಲಿ, ಒಳಗೆ ಮೆದು. ಚಕ್ರ ಹೊರ ಸುತ್ತನ್ನು ತಿಣುಕಿ ದಾಟಿದ ಕೂಡಲೇ ಮೆದು ಭಾಗಕ್ಕೆ ಧುಮುಕುತ್ತದೆ, ಟ್ರ್ಯಾಕ್ಟರ್ ಅದೇ ಒತ್ತಡದಲ್ಲಿ ಹಿಂದಕ್ಕೆ ಸರಿಯುತ್ತಲೇ ಇರುತ್ತದೆ, ಮರುಗಳಿಗೆಯಲ್ಲಿ ಎದುರು ಬದಿಯ ಗಟ್ಟಿ ಸುತ್ತಿಗೆ ಚಕ್ರ ಬಡಿಯುತ್ತದೆ. ಎರಡು ಟನ್ನಿಗೂ ಮೀರಿದ ಟ್ರ್ಯಾಕ್ಟರನ್ನು ಕ್ಲಚ್ಚಿನ ಮೇಲೆ ಅಂಗುಲದ ಲೆಕ್ಕದಲ್ಲಿ ನಡೆಸುವ ಕಾಲು ಯಾರಿಗೂ ಇಲ್ಲ. ಜೊತೆಗೆ ಚಕ್ರ ತಾನೇ ಕೊರೆದ ಸೀಳಿನಲ್ಲಿರುವಾಗ ಟ್ರ್ಯಾಕ್ಟರ್ ಒಂದು ಕೂದಲೆಳೆ ಓರೆಯಾದರೂ ಚಕ್ರದ ಮೇಲೆ ಅಡ್ಡಬಲ ಬಿದ್ದು ಶಾಫ್ಟ್ ಬಾಗುತ್ತದೆ.

ಆದ್ದರಿಂದ ಟ್ರ್ಯಾಕ್ಟರ್ ಬ್ರೇಕ್ ಹಾಕಿ ನಿಂತಿರಬೇಕು, ಚಕ್ರವಿರುವ ತೋಳು ಮಾತ್ರ ಎಡಬಲಕ್ಕೆ ಬೀಸಬೇಕು. ಚೌಕಟ್ಟಿನಲ್ಲಿ ನೆಟ್ಟಗೆ ನಿಂತ ಪಿನ್ನೊಂದರ ಮೇಲೆ ಗೇರ್‌ಬಾಕ್ಸ್ ಸಹಿತ ಇಡೀ ತೋಳು ತಿರುಗುವಂತೆ ಮಾಡಿ. ಆ ಪಿನ್ನಿನ ಕೇಂದ್ರವು ಪಿಟಿಒ ಶಾಫ್ಟಿನ ಕ್ರಾಸಿಗೆ (ಓರೆಯಾಗಿಯೂ ತಿರುಗಬಲ್ಲ ಕೀಲಿಗೆ) ಸರಿಯಾಗಿ ನೇರದಲ್ಲಿರಲಿ. ಪಕ್ಕಕ್ಕೆ ಸರಿದರೆ ತೋಳು ಬೀಸಿದಾಗಲೆಲ್ಲ ಪಿಟಿಒ ಶಾಫ್ಟ್ ಉದ್ದಗಿಡ್ಡವಾಗಿ ಜಗ್ಗುತ್ತದೆ. 1.2 ಮೀಟರ್ ತೋಳು ಎಡಕ್ಕೆ 20, ಬಲಕ್ಕೆ 20 ಡಿಗ್ರಿ ಬೀಸಿದರೆ ಸುಮಾರು 80 ಸೆಂಟಿಮೀಟರ್ ಅಗಲ ಕೆರೆಯಬಹುದು. 20 ಡಿಗ್ರಿಯಲ್ಲಿ ಒಂಟಿ ಕ್ರಾಸ್ ಸಮನಾಗಿ ತಿರುಗದೆ, ಪ್ರತಿ ಸುತ್ತಿನಲ್ಲೂ ಎರಡು ಬಾರಿ ಅದರ ವೇಗ 540ರ ಬದಲು 507ರಿಂದ 575 ಸುತ್ತಿನವರೆಗೆ ಏರಿಳಿಯುತ್ತದೆ. ಆದ್ದರಿಂದ ಆ ಕೋನವನ್ನು ಮೀರಬೇಡಿ, ಮಿತಿಗೆ ಎರಡೂ ಕಡೆ ಗಟ್ಟಿಯಾದ ತಡೆ ಬೆಸೆಯಿರಿ.

ಬೀಸುವುದಕ್ಕೆ ಹೈಡ್ರಾಲಿಕ್ ಸಿಲಿಂಡರ್ ಹಾಕುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. 50 ಮಿಮೀ ಸಿಲಿಂಡರಿಗೆ ಟ್ರ್ಯಾಕ್ಟರಿನ 150 ಬಾರ್ ಒತ್ತಡವನ್ನು ಹಾಗೆಯೇ ಕೊಟ್ಟರೆ ಅದು 3 ಟನ್ ತಳ್ಳುತ್ತದೆ. ಸಿಲಿಂಡರ್ ಪಿನ್ನಿನಿಂದ 25 ಸೆಂಟಿಮೀಟರ್ ದೂರದಲ್ಲಿ ತೋಳನ್ನು ಹಿಡಿದಿದ್ದರೆ, ಚಕ್ರದ ಬಳಿ ಅದು 600 ಕೆಜಿಗೂ ಹೆಚ್ಚಿನ ಅಡ್ಡಬಲವಾಗುತ್ತದೆ. ಹೊಸ ಶಾಫ್ಟಿಗೂ ಹಳೆಯದರ ಗತಿಯೇ ಬರುತ್ತದೆ. ದಾರಿಯಲ್ಲಿ ರಿಲೀಫ್ ವಾಲ್ವ್ (ಮಿತಿ ಮೀರಿದ ಒತ್ತಡವನ್ನು ಹೊರಬಿಡುವ ಕವಾಟ) ಇಟ್ಟು 40 ಬಾರ್ ಒತ್ತಡಕ್ಕೆ ಹೊಂದಿಸಿದರೆ ಅದೇ ಬಲ 165 ಕೆಜಿಯ ಸುಮಾರಿಗೆ ಇಳಿಯುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಹತ್ತು ಹನ್ನೆರಡು ಸೆಕೆಂಡ್ ಹಿಡಿಯುವಂತೆ ಹರಿವಿಗೆ ಕಡಿವಾಣವನ್ನೂ ಹಾಕಿ. ಇಂಜಿನ್ನಿನ ದನಿ ಕುಗ್ಗಿದ ಕೂಡಲೇ ಲಿವರ್ ಬಿಟ್ಟುಬಿಡಬೇಕು. ಕಿವಿಗಿಂತ ಒಳ್ಳೆಯ ಮೀಟರ್ ಈ ಕೆಲಸದಲ್ಲಿಲ್ಲ. ಪ್ರತಿ ಬೀಸಿಗೆ ಒಂದು ಒಂದೂವರೆ ಅಂಗುಲಕ್ಕಿಂತ ಹೆಚ್ಚು ಆಳ ಇಳಿಸಬೇಡಿ.

ಉತ್ತರ 4 (ಟ್ರ್ಯಾಕ್ಟರ್ ಚಾಲಕ, ಅರಸೀಕೆರೆ)

ಲೆಕ್ಕ ನನಗೆ ಬಾರದು, ಆದರೆ ಚಕ್ರ ಹತ್ತು ಅಡಿ ಉರುಳಿತು ಎಂದು ಓದಿ ಎದೆ ಝಲ್ಲೆಂದಿತು. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚವನ್ನು ನಮ್ಮ ಕಡೆ ಹೊಸ ಯಂತ್ರ ತಂದ ವಾರದಲ್ಲಿಯೇ ಕಿತ್ತೆಸೆಯುತ್ತಾರೆ. ಆ ಶಾಫ್ಟ್ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚೋ ಹೆಗಲ ಮೇಲಿನ ಟವೆಲ್ಲೋ ತಗುಲಿದರೆ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಪ್ಯಾಂಟ್ ಹಾಕಿಕೊಂಡೇ ಈ ಯಂತ್ರದ ಹತ್ತಿರ ಬರಬೇಕೆಂದು ಆಳುಗಳಿಗೆ ಕಟ್ಟುನಿಟ್ಟಾಗಿ ಹೇಳಿ. ಚಕ್ರದ ಮೇಲೆ 6 ಮಿಮೀ ತಗಡಿನ ಮುಚ್ಚಳ, ಮೂರೂ ಬದಿಗೆ ನೆಲ ಮುಟ್ಟುವಂತೆ ಹಳೆಯ ಕನ್ವೇಯರ್ ಬೆಲ್ಟಿನ ಪರದೆ ಇರಲಿ. ಹಲ್ಲು ಬದಲಿಸುವಾಗ ಇಂಜಿನ್ ಆರಿಸಿ, ಕೀಲಿ ನಿಮ್ಮ ಜೇಬಿನಲ್ಲಿರಲಿ; ಚಕ್ರ ಪೂರ್ತಿ ನಿಲ್ಲುವವರೆಗೆ ಸೀಟಿನಿಂದ ಇಳಿಯಬೇಡಿ. ಪಿಟಿಒ ತಿರುಗುತ್ತಿರುವಾಗ ಯಂತ್ರವನ್ನು ಪೂರ್ತಿ ಮೇಲೆತ್ತುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಕ್ರಾಸ್ ಮುರಿಯುವುದು ಆಗಲೇ.

ಇನ್ನೊಂದು ವಿಷಯ. ನಿಮ್ಮ ಮರಗಳು ಹೋದದ್ದು ವಯಸ್ಸಿನಿಂದಲೋ ಅಣಬೆ ರೋಗದಿಂದಲೋ? ರೋಗದ ಬೊಡ್ಡೆಯಾದರೆ ಪುಡಿಮಾಡಿ ತೋಟಕ್ಕೆಲ್ಲ ಹರಡಬೇಡಿ. ಅದನ್ನು ಬೇರು ಸಹಿತ ಅಗೆದು ತೆಗೆದು ಸುಡುವುದೇ ಸರಿ.

ಪ್ರಶ್ನೆ ಕೇಳಿದವರ ಮರುಬರಹ (ಎರಡು ತಿಂಗಳ ನಂತರ)

ಎಲ್ಲರಿಗೂ ಧನ್ಯವಾದಗಳು. ಮುರಿದ ಮುಖವನ್ನು ತೊಳೆದು ನೋಡಿದಾಗ ಮುಕ್ಕಾಲು ಪಾಲು ನುಣುಪಾಗಿ, ಚಿಪ್ಪಿನ ಗೆರೆಗಳಿಂದ ತುಂಬಿತ್ತು. ಒಂದು ಕಡೆಯಲ್ಲಿ ತುಕ್ಕು ಕೂಡ ಹಿಡಿದಿತ್ತು. ಬಿರುಕು ನನ್ನ ಕಣ್ಣೆದುರೇ ವಾರಗಟ್ಟಲೆ ಬೆಳೆದಿದ್ದು ನನಗೆ ಗೊತ್ತಾಗಿರಲಿಲ್ಲ. ಮರಗಳು ವಯಸ್ಸಾದವು, ರೋಗ ಬಂದಿದ್ದ ನಾಲ್ಕನ್ನು ಮೊದಲೇ ಅಗೆಸಿ ಸುಟ್ಟಿದ್ದೇವೆ.

50 ಮಿಮೀ ಇಎನ್ 19 ಸರಳು, ಎರಡೂ ಬದಿಗೆ ಎಸ್‌ಎನ್ 511, ಟೇಪರ್ ಲಾಕ್ ಹಬ್, ಬೀಸುವ ತೋಳು, ಬೋಲ್ಟ್ ಹಾಕುವ 24 ಕಾರ್ಬೈಡ್ ಹಲ್ಲು, ಹೀಗೆ ಚೌಕಟ್ಟೊಂದನ್ನು ಬಿಟ್ಟು ಎಲ್ಲವನ್ನೂ ಹೊಸದಾಗಿ ಮಾಡಿದೆ. ಚಕ್ರವನ್ನು ಶಾಫ್ಟ್ ಸಹಿತ ಎರಡು ಆಂಗಲ್ ಕಬ್ಬಿಣಗಳ ಅಂಚಿನ ಮೇಲಿಟ್ಟು ಉರುಳಿಸಿದಾಗ ಪ್ರತಿ ಬಾರಿಯೂ ಒಂದೇ ಭಾಗ ಕೆಳಗೆ ಬರುತ್ತಿತ್ತು. ಅಲ್ಲಿ ತೂತು ಕೊರೆದು ತೂಕ ಇಳಿಸಿದ ಮೇಲೆ ನಡುಕ ಬಹುಪಾಲು ನಿಂತಿತು. ಇದುವರೆಗೆ 43 ಬೊಡ್ಡೆಗಳಾಗಿವೆ, 8.8 ದರ್ಜೆಯ ಷೇರ್ ಬೋಲ್ಟ್ ಮೂರು ಬಾರಿ ಮಾತ್ರ ಹೋಗಿದೆ, ಅದರಲ್ಲಿ ಎರಡು ಬಾರಿ ತಪ್ಪು ನನ್ನ ಆತುರದ್ದೇ. ಹಸಿ ಬೊಡ್ಡೆಯ ನಾರು ಮಾತ್ರ ಹಗ್ಗದಂತೆ ಶಾಫ್ಟಿಗೆ ಸುತ್ತಿಕೊಂಡು ಬೇರಿಂಗಿನ ಸೀಲಿನೊಳಗೆ ನುಗ್ಗುತ್ತಿತ್ತು. ಹೌಸಿಂಗಿನ ಮುಂದೆ, ಶಾಫ್ಟಿನ ಸುತ್ತ, ಪೈಪಿನ ತುಂಡೊಂದನ್ನು ಚೌಕಟ್ಟಿಗೆ ಬೆಸೆದು ಕೊರಳಪಟ್ಟಿಯಂತೆ ಮಾಡಿದ ಮೇಲೆ ಅದು ಕಡಿಮೆಯಾಗಿದೆ. ಆದರೂ ನಾಲ್ಕು ಬೊಡ್ಡೆಗೊಮ್ಮೆ ನಿಲ್ಲಿಸಿ ಕುಡುಗೋಲಿನಿಂದ ಬಿಡಿಸುತ್ತೇನೆ.

ಈಗ ಉಳಿದಿರುವ ತೊಂದರೆ ಒಂದೇ. ಅರ್ಧ ಗಂಟೆ ಓಡಿದ ಮೇಲೆ ಗೇರ್‌ಬಾಕ್ಸ್ ಕೈ ಇಡಲಾಗದಷ್ಟು ಬಿಸಿಯಾಗಿ, ಒಂದು ಮೂಲೆಯಿಂದ ಆಯಿಲ್ ಜಿನುಗುತ್ತದೆ. ಸೀಲ್ ಎರಡು ಬಾರಿ ಬದಲಿಸಿಯಾಯಿತು.

ಉತ್ತರ 5 (ಯಂತ್ರ ದುರಸ್ತಿಗಾರ, ಹಾಸನ)

ಸೀಲಿನ ತಪ್ಪಿರಲಾರದು. ಆ ಗೇರ್‌ಬಾಕ್ಸ್ ಸ್ಲ್ಯಾಷರಿನಲ್ಲಿದ್ದಾಗ ಅದರ ಹೊರಶಾಫ್ಟ್ ಕೆಳಮುಖವಾಗಿತ್ತು, ಗಾಳಿಯಾಡುವ ಬ್ರೀದರ್ ನೆತ್ತಿಯ ಮೇಲಿತ್ತು. ನೀವು ಅದನ್ನು ಮಲಗಿಸಿದ್ದರಿಂದ ಬ್ರೀದರ್ ಈಗ ಪಕ್ಕಕ್ಕೆ ಬಂದು, ಬಹುಶಃ ಆಯಿಲಿನಲ್ಲಿ ಮುಳುಗಿದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲಿನ ಮೂಲಕ ತಳ್ಳುತ್ತಿದೆ. ಈಗ ಮೇಲ್ಭಾಗದಲ್ಲಿರುವ ಪ್ಲಗ್ಗನ್ನು ಬಿಚ್ಚಿ ಅಲ್ಲಿಗೆ ಬ್ರೀದರ್ ಹಾಕಿ, ಹಳೆಯ ಬ್ರೀದರಿನ ತೂತಿಗೆ ಪ್ಲಗ್ ಕೂರಿಸಿ. ಆಯಿಲ್ ಮಟ್ಟ ನೋಡುವ ಹಳೆಯ ಗುರುತೂ ಈಗ ಸುಳ್ಳು ಹೇಳುತ್ತದೆ. ಮಲಗಿದ ಸ್ಥಿತಿಯಲ್ಲಿ ಎರಡೂ ಶಾಫ್ಟುಗಳ ಕೇಂದ್ರರೇಖೆಯವರೆಗೆ ಬರುವಷ್ಟು ಇಪಿ 90 ಗೇರ್ ಆಯಿಲ್ ತುಂಬಿ, ಆ ಮಟ್ಟಕ್ಕೆ ಸರಿಯಾಗಿ ಹೊಸ ತೂತೊಂದನ್ನು ಕೊರೆದು ಬೋಲ್ಟ್ ಹಾಕಿ. ಕೊರೆಯುವ ಮೊದಲು ಆಯಿಲನ್ನು ಪೂರ್ತಿ ಇಳಿಸಿ, ಡ್ರಿಲ್ಲಿಗೆ ಗ್ರೀಸ್ ಹಚ್ಚಿಕೊಳ್ಳಿ. ಕಬ್ಬಿಣದ ಚೂರು ಒಳಗೆ ಬೀಳದೆ ಅದಕ್ಕೇ ಅಂಟಿಕೊಂಡು ಬರುತ್ತದೆ.